ಪಿಯು ಓದುತ್ತಲೇ ಅಮೆರಿಕದ ಟಾಪ್ ಯೂನಿವರ್ಸಿಟಿಗೆ ಅರ್ಜಿ: ಚಾನ್ಸ್ ಲೆಕ್ಕದಿಂದ ವೀಸಾದವರೆಗೆ ಸಮಗ್ರ ಮಾರ್ಗದರ್ಶಿ

"ಮೇಡಂ, ಪಿಯುನಲ್ಲಿ 97 ಪರ್ಸೆಂಟ್ ಬರುತ್ತೆ. ಹಾರ್ವರ್ಡ್ ಸಿಗೋ ಚಾನ್ಸ್ ಎಷ್ಟು?"

ಪ್ರತಿ ವರ್ಷ ಕಾಲೇಜು ಶುರುವಾದ ಮೇಲೆ ಒಬ್ಬರಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಇದನ್ನು ಕೇಳುತ್ತಾರೆ. ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ಅಮೆರಿಕಕ್ಕೆ ಅರ್ಜಿ ಹಾಕುವವರಿಗೆ ಶಿಫಾರಸು ಪತ್ರ ಬರೆಯುತ್ತಾ ಬರೆಯುತ್ತಾ ಈ ದಾರಿಯ ತಿರುವುಗಳನ್ನು ಕಲಿತೆ. ಆ ಪ್ರಶ್ನೆಗೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ಮನೆಯಿಂದ ವರ್ಷಕ್ಕೆ ಎಷ್ಟು ದುಡ್ಡು ಕೊಡೋಕೆ ಆಗುತ್ತೆ?"

ಮಕ್ಕಳ ಮುಖ ಸಪ್ಪಗಾಗುತ್ತದೆ. ಮಾರ್ಕ್ಸ್ ಬಗ್ಗೆ ಕೇಳಿದರೆ ದುಡ್ಡಿನ ಮಾತು ಬಂತಲ್ಲ ಅಂತ. ಆದರೆ ಹೊರದೇಶದ ವಿದ್ಯಾರ್ಥಿಯ ಚಾನ್ಸ್ ಅನ್ನೋದು ಒಂದೇ ಒಂದು ಸಂಖ್ಯೆಯಲ್ಲ. ಒಂದೊಂದು ಕಾಲೇಜಿಗೆ ಒಂದೊಂದು ಲೆಕ್ಕ. ಆ ಲೆಕ್ಕ ಬದಲಾಗುವುದು ನೀವು ಕಾಲೇಜಿನಿಂದ ಎಷ್ಟು ಹಣದ ನೆರವು ಕೇಳುತ್ತೀರಿ ಅನ್ನುವುದರ ಮೇಲೆ. ಎಲ್ಲಿಗೆ ಅರ್ಜಿ ಹಾಕಬೇಕು ಅನ್ನುವ ಪಟ್ಟಿ ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ. ಪಟ್ಟಿ ತಪ್ಪಿದರೆ 99 ಪರ್ಸೆಂಟ್ ಇದ್ದರೂ ಕಷ್ಟ.

ಮೊದಲು ದೊಡ್ಡ ಚಿತ್ರ ನೋಡೋಣ. 2024ರಲ್ಲಿ ಹಾರ್ವರ್ಡ್‌ಗೆ 54,008 ಅರ್ಜಿ ಬಂದವು. ಸೀಟು ಸಿಕ್ಕಿದ್ದು 1,937 ಮಂದಿಗೆ. ನೂರಕ್ಕೆ ನಾಲ್ಕೂ ಇಲ್ಲ. ಎಂಐಟಿಯಲ್ಲಿ ಒಟ್ಟಾರೆ ನೂರಕ್ಕೆ ನಾಲ್ಕೈದು ಮಂದಿಗೆ ಸಿಗುತ್ತದೆ, ಹೊರದೇಶದವರಲ್ಲಿ ಸುಮಾರು ಇಬ್ಬರಿಗೆ. ಅಲ್ಲಿನ ತರಗತಿಯಲ್ಲಿ ಹೊರದೇಶದವರಿಗೆ ಸಿಗುವ ಜಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಂದು. ಆ ಒಂದು ಪಾಲಿಗೆ ಇಡೀ ಪ್ರಪಂಚ ಸಾಲು ನಿಂತಿರುತ್ತದೆ.

"ನಮ್ಮ ಬೀದಿಯಲ್ಲೇ ನಾಲ್ಕು ಜನ ಅಮೆರಿಕಕ್ಕೆ ಹೋಗಿದ್ದಾರಲ್ಲ" ಅನ್ನುತ್ತೀರಾ? ಅವರಲ್ಲಿ ಹೆಚ್ಚಿನವರು ಎಂಎಸ್‌ಗೆ ಹೋದವರು. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602. ಅದರಲ್ಲಿ ಡಿಗ್ರಿ ಓದುತ್ತಿದ್ದವರು 36,053 ಮಾತ್ರ. ಪಿಯು ಮುಗಿಸಿ ಹೋಗುವ ದಾರಿಯೇ ಬೇರೆ. ಎಂಎಸ್ ಮಾಡಿದ ಅಣ್ಣನ ಸಲಹೆ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಹೆಜ್ಜೆ 1: ಮನೆಯಲ್ಲಿ ಕೂತು ದುಡ್ಡಿನ ಮಾತಾಡಿ

ಖಾಸಗಿ ಟಾಪ್ ಯೂನಿವರ್ಸಿಟಿಗಳಲ್ಲಿ ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ವರ್ಷಕ್ಕೆ 85ರಿಂದ 95 ಸಾವಿರ ಡಾಲರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ 75 ಲಕ್ಷದ ಆಚೆ ಈಚೆ. ಅದೂ ನಾಲ್ಕು ವರ್ಷ. ಅಪ್ಪ ಅಮ್ಮ ಒಂದು ಸಂಜೆ ಟಿವಿ ಆರಿಸಿ ಕೂರಬೇಕು. ಸಾಲ, ಸೈಟು, ಎಲ್ಲ ಲೆಕ್ಕ ಹಾಕಿ "ವರ್ಷಕ್ಕೆ ಇಷ್ಟು" ಅಂತ ಒಂದು ಸಂಖ್ಯೆ ಕಾಗದದ ಮೇಲೆ ಬರೆಯಬೇಕು. ಆ ಸಂಖ್ಯೆ ಕೈಯಲ್ಲಿದ್ದರೆ ಕಾಲೇಜುಗಳು ತಾವಾಗಿಯೇ ಮೂರು ಗುಂಪಾಗುತ್ತವೆ.

ಮೊದಲನೆಯದು ನೀಡ್-ಬ್ಲೈಂಡ್. ಇಲ್ಲಿ ಸೀಟು ಕೊಡುವಾಗ ನಿಮ್ಮ ಮನೆಯ ದುಡ್ಡು ನೋಡುವುದಿಲ್ಲ. ಸೀಟು ಕೊಟ್ಟ ಮೇಲೆ ಎಷ್ಟು ಕೊರತೆಯೋ ಅಷ್ಟನ್ನೂ ತುಂಬುತ್ತಾರೆ. ಹೊರದೇಶದವರಿಗೂ ಹೀಗೆ ಮಾಡುವ ಕಾಲೇಜುಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಮತ್ತು ಬೋಡನ್, ಈಚೆಗೆ ಬ್ರೌನ್, ನಾಟರ್‌ಡೇಮ್, ವಾಷಿಂಗ್ಟನ್ ಅಂಡ್ ಲೀ. ಹಾರ್ವರ್ಡ್ ಮತ್ತು ಎಂಐಟಿಯಲ್ಲಿ ಮನೆಯ ವರಮಾನ ವರ್ಷಕ್ಕೆ 1 ಲಕ್ಷ ಡಾಲರ್ ಒಳಗಿದ್ದು ಆಸ್ತಿಯೂ ಸಾಮಾನ್ಯ ಮಟ್ಟದ್ದಾದರೆ ಅಪ್ಪ ಅಮ್ಮ ಒಂದು ಪೈಸೆಯನ್ನೂ ಕಟ್ಟಬೇಕಿಲ್ಲ. ನಮ್ಮ ಹೆಚ್ಚಿನ ಮನೆಗಳು ಈ ಗೆರೆಯ ಒಳಗೇ ಬರುತ್ತವೆ. ಆದರೆ ಇದೇ ಕಾರಣಕ್ಕೆ ಇಲ್ಲಿ ಪೈಪೋಟಿಯೂ ಜಾಸ್ತಿ.

ಎರಡನೆಯದು ನೀಡ್-ಅವೇರ್. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್, ಕಾರ್ನೆಲ್, ಡ್ಯೂಕ್ ಎಲ್ಲ ಈ ಗುಂಪಿನವು. ನೆರವು ಕೊಡುತ್ತಾರೆ, ಆದರೆ ಹೊರದೇಶದವರಿಗಾಗಿ ಇಟ್ಟ ಹಣಕ್ಕೆ ಮಿತಿಯಿದೆ. ಹಾಗಾಗಿ ನೀವು ಕೇಳುವ ಮೊತ್ತ ತೀರ್ಮಾನದ ಮೇಜಿನ ಮೇಲೆ ಇರುತ್ತದೆ. ಪೂರ್ತಿ ಹಣ ಕಟ್ಟುತ್ತೇನೆ ಅನ್ನುವವರ ಚಾನ್ಸೇ ಬೇರೆ, 80 ಸಾವಿರ ಡಾಲರ್ ಕೇಳುವವರ ಚಾನ್ಸೇ ಬೇರೆ. ಇಲ್ಲೊಂದು ಎಚ್ಚರಿಕೆ. "ಈಗ ನೆರವು ಬೇಡ ಅಂತ ಹಾಕೋಣ, ಒಳಗೆ ಹೋದ ಮೇಲೆ ಕೇಳೋಣ" ಅಂತ ಕೆಲವರು ಹೇಳಿಕೊಡುತ್ತಾರೆ. ಖಂಡಿತ ಮಾಡಬೇಡಿ. ಅರ್ಜಿ ಹಾಕುವಾಗ ಕೇಳದಿದ್ದರೆ ನಾಲ್ಕು ವರ್ಷವೂ ಕೇಳುವ ಹಾಗಿಲ್ಲ ಅನ್ನುವ ನಿಯಮ ಇಂಥ ಎಷ್ಟೋ ಕಾಲೇಜುಗಳಲ್ಲಿದೆ.

ಮೂರನೆಯದು ಹೊರದೇಶದವರ ಮನೆ ಪರಿಸ್ಥಿತಿ ನೋಡಿ ನೆರವು ಕೊಡದ ಕಾಲೇಜುಗಳು. ಬರ್ಕ್ಲಿ, ಯುಸಿಎಲ್‌ಎ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ.

ನನ್ನ ವಿದ್ಯಾರ್ಥಿನಿಯೊಬ್ಬಳ ಕಥೆ ಇಲ್ಲೇ ಹೇಳಬೇಕು. ತುಂಬಾ ಚುರುಕು ಹುಡುಗಿ. ಮನೆಯಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕಿಂತ ಜಾಸ್ತಿ ಹೊಂದಿಸುವ ಶಕ್ತಿ ಇರಲಿಲ್ಲ. ಒಂದು ಕನ್ಸಲ್ಟೆನ್ಸಿಯವರು 14 ಕಾಲೇಜುಗಳ ಪಟ್ಟಿ ಮಾಡಿಕೊಟ್ಟರು. ಅದರಲ್ಲಿ ಐದು ಈ ಮೂರನೇ ಗುಂಪಿನವು, ಉಳಿದವೆಲ್ಲ ನೀಡ್-ಅವೇರ್. ಮೊದಲ ಗುಂಪಿನದು ಒಂದೂ ಇಲ್ಲ. ಅರ್ಜಿ ಶುಲ್ಕವೇ ಲಕ್ಷ ಮುಟ್ಟಿತು. ಮಾರ್ಚ್‌ನಲ್ಲಿ ಒಂದು ಕಡೆಯಿಂದ ಸೀಟು ಬಂತು. ಮನೆಯವರು ಸಿಹಿ ಹಂಚಿದರು. ಆಮೇಲೆ ಗೊತ್ತಾಯಿತು, ಅಲ್ಲಿ ನೆರವು ಅಂತ ಒಂದು ಡಾಲರ್ ಕೂಡ ಸಿಗುವುದಿಲ್ಲ ಎಂದು. ಅವಳ ಓದಿನಲ್ಲಿ ಏನೂ ಕೊರತೆ ಇರಲಿಲ್ಲ, ಪಟ್ಟಿ ಮಾಡಿದವರು ಅವಳ ಮನೆಯ ಸಂಖ್ಯೆ ಕೇಳಿರಲೇ ಇಲ್ಲ. ಅವತ್ತಿನಿಂದ ನಾನು ಮೊದಲು ಕೇಳುವುದು ಅದನ್ನೇ.

ಹೆಜ್ಜೆ 2: ಚಾನ್ಸ್ ಲೆಕ್ಕ ನೀವೇ ಹಾಕಿ

ಇದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಅಮೆರಿಕದ ಹೆಚ್ಚಿನ ಕಾಲೇಜುಗಳು ಪ್ರತಿವರ್ಷ ಕಾಮನ್ ಡೇಟಾ ಸೆಟ್ ಅಂತ ಒಂದು ದಾಖಲೆ ಹೊರಗೆ ಬಿಡುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಹತ್ತಾರು ಪುಟ ನೋಡಿ ಗಾಬರಿಯಾಗಬೇಡಿ. ನಾಲ್ಕು ಜಾಗ ನೋಡಿದರೆ ಸಾಕು.

ಬಿ ವಿಭಾಗದಲ್ಲಿ ಆ ಕಾಲೇಜಿನಲ್ಲಿರುವ ಹೊರದೇಶದ ಡಿಗ್ರಿ ವಿದ್ಯಾರ್ಥಿಗಳ ಸಂಖ್ಯೆ ಇರುತ್ತದೆ. 'ನಾನ್‌ರೆಸಿಡೆಂಟ್ಸ್' ಅನ್ನುವ ಸಾಲು. ಸಿ7ರಲ್ಲಿ ಅವರು ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತಾರೆ ಅನ್ನುವ ಪಟ್ಟಿ: ಮಾರ್ಕ್ಸ್, ಪ್ರಬಂಧ, ಶಿಫಾರಸು, ಸಂದರ್ಶನ. ಸಿ9ರಲ್ಲಿ ಸೇರಿದವರ ಎಸ್ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕಗಳ ಹರವು. ಕೊನೆಗೆ ಎಚ್6. ನನ್ನ ಮಟ್ಟಿಗೆ ಇದೇ ಬಂಗಾರದ ಸಾಲು. ಹೊರದೇಶದ ಎಷ್ಟು ಮಂದಿಗೆ ನೆರವು ಕೊಟ್ಟರು, ಒಬ್ಬೊಬ್ಬರಿಗೆ ಸರಾಸರಿ ಎಷ್ಟು ಅನ್ನುವುದು ಅಲ್ಲಿದೆ.

ಒಂದು ಉದಾಹರಣೆ ಮಾಡಿ ನೋಡೋಣ. ಒಂದು ಕಾಲೇಜಿನ ಬಿ ವಿಭಾಗದಲ್ಲಿ 300 ಹೊರದೇಶದ ವಿದ್ಯಾರ್ಥಿಗಳಿದ್ದಾರೆ ಅಂದುಕೊಳ್ಳಿ. ಎಚ್6ರಲ್ಲಿ 240 ಮಂದಿಗೆ ನೆರವು, ಸರಾಸರಿ 62 ಸಾವಿರ ಡಾಲರ್. ಅಂದರೆ ಐವರಲ್ಲಿ ನಾಲ್ವರಿಗೆ ಕೈತುಂಬಾ ಸಿಕ್ಕಿದೆ. ಇನ್ನೊಂದು ಕಾಲೇಜಿನಲ್ಲಿ 2,000 ಹೊರದೇಶದವರು, ನೆರವು ಸಿಕ್ಕಿದ್ದು 110 ಮಂದಿಗೆ, ಸರಾಸರಿ 18 ಸಾವಿರ. ಎರಡನೆಯದರ ಹೆಸರು ನೆಂಟರಿಷ್ಟರಿಗೆಲ್ಲ ಗೊತ್ತಿರಬಹುದು. ಆದರೆ ದುಡ್ಡು ಬೇಕಾದ ಮಗುವಿಗೆ ಬಾಗಿಲು ತೆರೆದಿರುವುದು ಮೊದಲನೆಯದರಲ್ಲಿ. ಅಲ್ವಾ?

ಒಂದು ನೋಟ್‌ಬುಕ್ ತೆಗೆದುಕೊಂಡು 25 ಕಾಲೇಜುಗಳಿಗೆ ಈ ಸಾಲುಗಳನ್ನು ಬರೆಯಿರಿ. ಎರಡು ಭಾನುವಾರದ ಕೆಲಸ.

ಹೆಜ್ಜೆ 3: ಪಟ್ಟಿ

ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಕಾಮನ್ ಆ್ಯಪ್ ಅನ್ನುವ ವೆಬ್‌ಸೈಟಿನಲ್ಲಿ 20 ಕಾಲೇಜುಗಳವರೆಗೆ ಹಾಕಬಹುದು. ನಾನು 10ರಿಂದ 12 ಸಾಕು ಅನ್ನುತ್ತೇನೆ. ಒಂದೊಂದಕ್ಕೂ ಬೇರೆ ಬೇರೆ ಸಣ್ಣ ಪ್ರಬಂಧಗಳಿರುತ್ತವೆ. ಹದಿನೈದನೆಯದಕ್ಕೆ ಬರೆಯುವ ಹೊತ್ತಿಗೆ ಕೈಯೂ ಸೋತಿರುತ್ತದೆ, ಮನಸ್ಸೂ ಸೋತಿರುತ್ತದೆ.

ದುಡ್ಡು ಬೇಕಾದವರು ನೀಡ್-ಬ್ಲೈಂಡ್ ಗುಂಪಿನಿಂದ ಮೂರ್ನಾಲ್ಕು ಆರಿಸಿ. ಉಳಿದ ಜಾಗಕ್ಕೆ ಹೊರದೇಶದವರಿಗೆ ಧಾರಾಳವಾಗಿ ಕೊಡುವ ಲಿಬರಲ್ ಆರ್ಟ್ಸ್ ಕಾಲೇಜುಗಳನ್ನು ನೋಡಿ: ವಿಲಿಯಮ್ಸ್, ಪೊಮೋನಾ, ಸ್ವಾರ್ಥ್‌ಮೋರ್, ಗ್ರಿನೆಲ್, ಮೆಕ್ಯಾಲೆಸ್ಟರ್ ಇಂಥವು. ಹೆಸರಿನಲ್ಲಿ ಆರ್ಟ್ಸ್ ಇದೆ ಅಂತ ಪಿಸಿಎಂಬಿ ಮಕ್ಕಳು ಹಿಂದೆ ಸರಿಯಬೇಡಿ. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್ ಎಲ್ಲ ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ತರಗತಿಯಲ್ಲಿ 20 ಜನ ಇರುತ್ತಾರೆ, ಪ್ರೊಫೆಸರ್‌ಗೆ ನಿಮ್ಮ ಹೆಸರು ಗೊತ್ತಿರುತ್ತದೆ. ಕೆಂಟಕಿಯ ಬೆರಿಯಾ ಕಾಲೇಜಿನಲ್ಲಿ ಯಾರಿಗೂ ಬೋಧನಾ ಶುಲ್ಕವೇ ಇಲ್ಲ, ಆದರೆ ಹೊರದೇಶದವರನ್ನು ತೆಗೆದುಕೊಳ್ಳುವುದು ಬಹಳ ಕಡಿಮೆ. ಕಾರ್ನೆಲ್‌ನಲ್ಲಿ ಭಾರತದ ಮಕ್ಕಳಿಗೆಂದೇ ಟಾಟಾ ಸ್ಕಾಲರ್‌ಶಿಪ್ ಇದೆ. ಡ್ಯೂಕ್‌ನಲ್ಲಿ ಹೊರದೇಶದವರಿಗೆ ಕಾರ್ಷ್ ಸ್ಕಾಲರ್‌ಶಿಪ್ ಇದೆ.

ಪಟ್ಟಿಯ ಕೊನೆಗೆ ನಮ್ಮದೇ ಊರು ಇರಲಿ. ಕೆಸಿಇಟಿ ಬರೆಯಿರಿ. ಐಐಎಸ್‌ಸಿ, ಬೆಂಗಳೂರಿನ ಐಎಸ್‌ಐ (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಕಡೆಗೂ ನೋಡಿ. ಎಂಐಟಿಗೆ ಹೋಗುವ ತಾಕತ್ತಿದ್ದೂ ಸೀಟು ಸಿಗದವರೇ ಹೆಚ್ಚು. ಅವರು ಎಲ್ಲೋ ಒಂದು ಕಡೆ ಚೆನ್ನಾಗಿ ಓದಲೇಬೇಕು.

ಹೆಜ್ಜೆ 4: ಪಿಯು ಮಕ್ಕಳ ಕಾಗದದ ಗೋಳು

ಬೇರೆ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದವರು ಕೇಳುವುದು 9ರಿಂದ 12ನೇ ತರಗತಿಯವರೆಗಿನ ಅಂಕಗಳನ್ನು. ಅಲ್ಲಿ ಆ ನಾಲ್ಕು ವರ್ಷ ಒಂದೇ ಶಾಲೆ. ನಮ್ಮಲ್ಲಿ 9 ಮತ್ತು ಎಸ್ಸೆಸ್ಸೆಲ್ಸಿ ಒಂದು ಹೈಸ್ಕೂಲಿನಲ್ಲಿ, ಪಿಯು ಇನ್ನೊಂದು ಕಾಲೇಜಿನಲ್ಲಿ. ಹಾಗಾಗಿ ಎರಡೂ ಕಡೆಯಿಂದ ಕಾಗದ ಬೇಕು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲರ ಹತ್ತಿರವೂ ಇರುತ್ತದೆ. ಕಳೆದುಹೋಗಿರುವುದು 9ನೇ ತರಗತಿಯದು. ಜೂನ್‌ನಲ್ಲೇ ಹಳೆಯ ಶಾಲೆಗೆ ಹೋಗಿ ಹೆಡ್‌ಮಾಸ್ಟರ್ ಸಹಿ, ಸೀಲು ಇರುವ ಪ್ರತಿ ತನ್ನಿ. ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ದೃಢೀಕರಿಸಿಕೊಳ್ಳಿ.

ಸೆಕೆಂಡ್ ಪಿಯು ರಿಸಲ್ಟ್ ಬರುವುದು ಏಪ್ರಿಲ್ ಹೊತ್ತಿಗೆ. ಅವರ ತೀರ್ಮಾನ ಅಷ್ಟರಲ್ಲಿ ಮುಗಿದಿರುತ್ತದೆ. ಆದ್ದರಿಂದ ಫಸ್ಟ್ ಪಿಯು ಅಂಕಗಳೇ ನಿಮ್ಮನ್ನು ಎತ್ತಬೇಕು. "ಫಸ್ಟ್ ಪಿಯು ಸುಮ್ನೆ ಪಾಸಾದರೆ ಸಾಕು" ಅನ್ನುವ ಮಾತು ನಮ್ಮಲ್ಲಿ ಓಡಾಡುತ್ತದಲ್ಲ, ಅಮೆರಿಕಕ್ಕೆ ಹಾಕುವವರು ಅದನ್ನು ಕಿವಿಗೇ ಹಾಕಿಕೊಳ್ಳಬೇಡಿ. ಸೆಕೆಂಡ್ ಪಿಯುಗೆ ಕಾಲೇಜಿನಿಂದ ನಿರೀಕ್ಷಿತ ಅಂಕಗಳನ್ನು ಬರೆಸಿ. ಮಿಡ್‌ಟರ್ಮ್ ಮತ್ತು ಪ್ರಿಪರೇಟರಿ ಅಂಕಗಳು ಅರ್ಜಿ ಹಾಕಿದ ಮೇಲೆ ನಿಮ್ಮ ಪಿಯು ಕಾಲೇಜು ಫೆಬ್ರವರಿಯಲ್ಲಿ ಕಳಿಸುವ ಮಿಡ್-ಇಯರ್ ರಿಪೋರ್ಟ್‌ಗೆ ಹೋಗುತ್ತವೆ. ಪ್ರಿಪರೇಟರಿ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ.

ಕೌನ್ಸೆಲರ್ ಅನ್ನುವ ಕಾಲಂ ಬಂದಾಗ ಮಕ್ಕಳು ಕಂಗಾಲಾಗುತ್ತಾರೆ. ನಮ್ಮ ಕಾಲೇಜುಗಳಲ್ಲಿ ಆ ಹುದ್ದೆಯೇ ಇಲ್ಲ. ಪ್ರಿನ್ಸಿಪಾಲರು ಅಥವಾ ಒಬ್ಬ ಹಿರಿಯ ಉಪನ್ಯಾಸಕರು ಆ ಕೆಲಸ ಮಾಡಬಹುದು. ಅವರಿಗೆ ಒಂದು ಪುಟದ ಕಾಲೇಜು ಪರಿಚಯ ಸಿದ್ಧಮಾಡಲು ನೆರವಾಗಿ. ಕಾಲೇಜಿನಲ್ಲಿ ಎಷ್ಟು ಮಕ್ಕಳು, ಸರ್ಕಾರಿಯೋ ಖಾಸಗಿಯೋ, ಪಿಯು ಪರೀಕ್ಷೆ 600 ಅಂಕಕ್ಕೆ, 85 ಪರ್ಸೆಂಟ್ ಮೇಲೆ ಡಿಸ್ಟಿಂಕ್ಷನ್, ಕಳೆದ ವರ್ಷ ಎಷ್ಟು ಮಂದಿಗೆ ಅದು ಬಂತು, ಅಮೆರಿಕದ ಹೈಸ್ಕೂಲುಗಳಲ್ಲಿರುವ ಎಪಿ ಥರದ ಹೆಚ್ಚುವರಿ ಕೋರ್ಸುಗಳು ಇಲ್ಲಿಲ್ಲ. ಇಷ್ಟು ಬರೆದರೆ ಬಾಸ್ಟನ್‌ನಲ್ಲಿ ಕೂತವರಿಗೆ ನಿಮ್ಮ 97ರ ತೂಕ ತಿಳಿಯುತ್ತದೆ. ಇಲ್ಲದಿದ್ದರೆ ಅದು ಬರೀ ಒಂದು ಸಂಖ್ಯೆ.

ನೆರವಿಗಾಗಿ ಹೆಚ್ಚಿನ ಖಾಸಗಿ ಕಾಲೇಜುಗಳು ಸಿಎಸ್ಎಸ್ ಪ್ರೊಫೈಲ್ ಅನ್ನುವ, ಮನೆಯ ಹಣಕಾಸಿನ ಆನ್‌ಲೈನ್ ಫಾರ್ಮ್ ತುಂಬಿಸುತ್ತವೆ. ಎಫ್‌ಎಎಫ್‌ಎಸ್‌ಎ ಅನ್ನುವ ಸರ್ಕಾರಿ ನೆರವಿನ ಫಾರ್ಮ್ ನಿಮಗಲ್ಲ, ಅದು ಅಮೆರಿಕದವರಿಗೆ. ಕೃಷಿ ಕುಟುಂಬದವರು ಇಲ್ಲಿ ಎಡವುತ್ತಾರೆ. ಕೃಷಿ ವರಮಾನಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಇರುವುದಿಲ್ಲ. ಅವರು ಕೇಳುವುದು ಅದನ್ನೇ. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಪಹಣಿ, ಸೊಸೈಟಿಗೋ ಮಂಡಿಗೋ ಅಡಿಕೆ ಹಾಕಿದ ಪಟ್ಟಿ ಇವೆಲ್ಲ ಜೋಡಿಸಿ. ವಿಶೇಷ ಪರಿಸ್ಥಿತಿಯ ಜಾಗದಲ್ಲಿ ವಿವರಿಸಿ ಬರೆಯಿರಿ. ತೋಟದ ಬೆಲೆ ಕೋಟಿ ಕಂಡರೂ ಅದನ್ನು ಮಾರಿದರೆ ಮನೆಯ ಅನ್ನವೇ ಹೋಗುತ್ತದೆ ಅನ್ನುವುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. ನೀವೇ ಹೇಳಬೇಕು.

ಅರ್ಜಿ ಶುಲ್ಕ ಹೆಚ್ಚಾಗಿ ಒಂದೊಂದಕ್ಕೆ 75ರಿಂದ 90 ಡಾಲರ್. ಕಟ್ಟಲು ಕಷ್ಟವಿದ್ದರೆ ಮನ್ನಾ ಕೇಳಬಹುದು, ಪ್ರಿನ್ಸಿಪಾಲರು ದೃಢೀಕರಿಸಬೇಕಾಗುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ.

ಹೆಜ್ಜೆ 5: ಪರೀಕ್ಷೆಗಳು

ಕೊರೋನಾ ಕಾಲದಲ್ಲಿ ಎಸ್ಎಟಿ ಬೇಡ ಅಂದಿದ್ದ ಹಲವು ಕಾಲೇಜುಗಳು ಈಗ ಮತ್ತೆ ಕೇಳುತ್ತಿವೆ. ಎಂಐಟಿ 2022ರಲ್ಲೇ ತಂದಿತು. ಆಮೇಲೆ ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್, ಕಾರ್ನೆಲ್, ಸ್ಟ್ಯಾನ್‌ಫರ್ಡ್ ಹಿಂಬಾಲಿಸಿದವು. ಈಗ ಅದು ಲ್ಯಾಪ್‌ಟಾಪ್‌ನಲ್ಲಿ ಬರೆಯುವ 2 ಗಂಟೆ 14 ನಿಮಿಷದ ಪರೀಕ್ಷೆ, 1600ಕ್ಕೆ. ಹಾರ್ವರ್ಡ್, ಎಂಐಟಿ ಮಟ್ಟದಲ್ಲಿ 1500 ದಾಟುವುದು ಸಾಮಾನ್ಯ. ಗಣಿತ ನಮ್ಮ ಮಕ್ಕಳಿಗೆ ಸಲೀಸು. ಅಂಕ ಸೋರುವುದು ಇಂಗ್ಲಿಷ್ ಓದಿನಲ್ಲಿ. ದಿನಾ ಅರ್ಧ ಗಂಟೆ ಇಂಗ್ಲಿಷ್ ವಿಜ್ಞಾನ ಲೇಖನ ಓದುವುದು ಯಾವ ಕೋಚಿಂಗ್‌ಗೂ ಕಡಿಮೆಯಲ್ಲ. ಜೂನ್‌ನಲ್ಲಿ ಒಮ್ಮೆ, ಬೇಕಾದರೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ಇಂಗ್ಲಿಷ್ ಪರೀಕ್ಷೆಗೆ ಟೋಫೆಲ್, ಐಇಎಲ್‌ಟಿಎಸ್, ಡುವೊಲಿಂಗೊ ಯಾವುದಾದರೂ ನಡೆಯುತ್ತದೆಯೇ ಅಂತ ಆಯಾ ಕಾಲೇಜಿನ ಪುಟದಲ್ಲಿ ನೋಡಿ.

ಹೆಜ್ಜೆ 6: ನಿಮ್ಮ ಕಥೆ

ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗಳಿಗೆ ಜಾಗವಿದೆ. ಒಂದೊಂದರ ವಿವರಣೆಗೆ 150 ಅಕ್ಷರ. ಮುಖ್ಯ ಪ್ರಬಂಧಕ್ಕೆ 650 ಪದ. ಎಂಐಟಿಗೆ ಅದರದ್ದೇ ಪೋರ್ಟಲ್, ಕ್ಯಾಲಿಫೋರ್ನಿಯಾದವರಿಗೆ 350 ಪದಗಳ ನಾಲ್ಕು ಉತ್ತರಗಳು.

ಹತ್ತನ್ನೂ ತುಂಬಲೇಬೇಕು ಅಂತ ಮಕ್ಕಳು ಎಂದೋ ಮಾಡಿದ ಡ್ರಾಯಿಂಗ್ ಸ್ಪರ್ಧೆಯನ್ನೆಲ್ಲ ಹಾಕುತ್ತಾರೆ. ದುಡ್ಡು ಕೊಟ್ಟು ಸಂಶೋಧನಾ ಪ್ರಬಂಧ ಬರೆಸಿಕೊಳ್ಳುವವರೂ ಇದ್ದಾರೆ. ದಯವಿಟ್ಟು ಆ ಕಡೆ ಹೋಗಬೇಡಿ. ಅದು ಸುಳ್ಳು, ಸಿಕ್ಕಿಬಿದ್ದರೆ ಕೊಟ್ಟ ಸೀಟನ್ನೂ ಕಿತ್ತುಕೊಳ್ಳುತ್ತಾರೆ.

ಒಬ್ಬ ಹುಡುಗನ ಮೊದಲ ಕರಡು "ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಆಸಕ್ತಿ" ಅಂತ ಶುರುವಾಗಿತ್ತು. ಅವನ ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಅದನ್ನು ಅವನು ಎಲ್ಲೂ ಬರೆದಿರಲಿಲ್ಲ. ನಾಚಿಕೆ. "ಕಾಲೇಜು ಬಿಟ್ಟ ಮೇಲೆ ಏನು ಮಾಡ್ತೀಯಾ?" ಅಂತ ಕೇಳಿದೆ. ಅಂಗಡಿಯಲ್ಲಿ ಕೂತು ಸುಟ್ಟ ಪಂಪ್ ಮೋಟರ್ ಬಿಚ್ಚುತ್ತೇನೆ ಅಂದ. ಯಾವ ಸ್ಲಾಟಿಗೆ ಎಷ್ಟು ಸುತ್ತು ತಂತಿ ಅಂತ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಜೊತೆಗೆ ಮೋಟರ್ ಯಾವ ಊರಿನದು ಅಂತಲೂ. ಆ ಪುಸ್ತಕ ತರಿಸಿ ನೋಡಿದೆ. ಹಾಳೆಗಳಿಗೆಲ್ಲ ವಾರ್ನಿಷ್ ವಾಸನೆ. ಬೇಸಿಗೆಯಲ್ಲಿ ಸುಟ್ಟು ಬಂದವುಗಳಲ್ಲಿ ಹೆಚ್ಚಿನವು ಎರಡೇ ಊರಿನವು ಅನ್ನುವುದನ್ನು ಅವನೇ ಗುರುತಿಸಿದ್ದ. ಮೀಟರ್ ತೆಗೆದುಕೊಂಡು ಹೋಗಿ ಅಳೆದಿದ್ದ. ಲೈನಿನ ಕೊನೆಯಲ್ಲಿ ವೋಲ್ಟೇಜ್ ಕುಸಿಯುತ್ತಿತ್ತು, ಮೋಟರ್ ಜಾಸ್ತಿ ಕರೆಂಟ್ ಎಳೆದು ಸುರುಳಿ ಸುಡುತ್ತಿತ್ತು.

ಅವನ ಪ್ರಬಂಧ ಅಲ್ಲೇ ಇತ್ತು. ಚಟುವಟಿಕೆಯ ಸಾಲು ಹೀಗಾಯಿತು: "ಅಪ್ಪನ ಅಂಗಡಿಯಲ್ಲಿ ಪಂಪ್ ಮೋಟರ್ ರಿಪೇರಿ, 3 ಬೇಸಿಗೆ 140 ಸುಟ್ಟ ಮೋಟರ್‌ಗಳ ದಾಖಲೆ, 2 ಊರುಗಳಲ್ಲಿ ವೋಲ್ಟೇಜ್ ಅಳೆದು ಕಾರಣ ಹುಡುಕಿದೆ." ದೊಡ್ಡ ಹೆಸರಿನ ನಾಲ್ಕು ಕಡೆ ಅವನಿಗೆ ಆಗಲಿಲ್ಲ. ಒಂದು ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ಹೆಚ್ಚುಕಡಿಮೆ ಪೂರ್ತಿ ನೆರವು ಕೊಟ್ಟು ಕರೆಸಿಕೊಂಡಿತು.

ಮನೆಗೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಡೈರಿಗೆ ಹಾಲು ಹಾಕುವುದು ಎಲ್ಲ ಚಟುವಟಿಕೆಯೇ. ಧೈರ್ಯವಾಗಿ ಬರೆಯಿರಿ.

ಹೆಜ್ಜೆ 7: ಶಿಫಾರಸು ಪತ್ರ

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. "ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಒಬೀಡಿಯೆಂಟ್" ಅನ್ನುವ ಮೂರು ಪದಗಳಲ್ಲಿ ಪತ್ರ ಮುಗಿಸಬೇಡಿ. ಹೇಳಿದ ಮಾತು ಕೇಳುತ್ತಾನೆ ಅನ್ನುವುದು ಅಲ್ಲಿ ಹೊಗಳಿಕೆಯಾಗಿ ಕಾಣುವುದೇ ಇಲ್ಲ. ತರಗತಿಯಲ್ಲಿ ನಡೆದ ಒಂದು ಘಟನೆ ಬರೆಯಿರಿ. ಲ್ಯಾಬಿನಲ್ಲಿ ರೀಡಿಂಗ್ ತಪ್ಪಿದಾಗ ಪಕ್ಕದವರದ್ದು ನೋಡಿ ಬರೆಯದೆ ಮೂರು ಸಲ ಮತ್ತೆ ಮಾಡಿದ ಹುಡುಗಿಯ ಬಗ್ಗೆ ನಾನು ಬರೆದ ನಾಲ್ಕು ಸಾಲು, ಹತ್ತು ವಿಶೇಷಣಗಳಿಗಿಂತ ಹೆಚ್ಚು ಹೇಳಿತ್ತು.

ಮಕ್ಕಳು ಮಾಡಬೇಕಾದ್ದು: ಜುಲೈಯಲ್ಲೇ ಇಬ್ಬರು ಮೇಷ್ಟ್ರನ್ನು ಕೇಳಿ. ಅವರ ಕೈಗೆ ಒಂದು ಪುಟ ಕೊಡಿ, ನೆನಪಿನ ಘಟನೆಗಳು, ಕೊನೆಯ ದಿನಾಂಕಗಳು. ಪತ್ರ ನೀವೇ ಬರೆದು ಸಹಿ ಹಾಕಿಸಬೇಡಿ. ಅರ್ಜಿಯಲ್ಲಿರುವ ಫೆರ್ಪಾ (ವಿದ್ಯಾರ್ಥಿ ದಾಖಲೆಗಳ ಬಗೆಗಿನ ಅಮೆರಿಕದ ಕಾನೂನು) ಕಾಲಂನಲ್ಲಿ ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಗುರುತು ಹಾಕಿ. ಆಗಲೇ ಪತ್ರಕ್ಕೆ ಬೆಲೆ.

ಹೆಜ್ಜೆ 8: ಯಾವಾಗ ಹಾಕಬೇಕು

ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅರ್ಲಿ ಸುತ್ತಿಗೆ ಹೆಚ್ಚಾಗಿ ನವೆಂಬರ್ 1, ಉತ್ತರ ಡಿಸೆಂಬರ್ ಮಧ್ಯದಲ್ಲಿ. ರೆಗ್ಯುಲರ್ ಸುತ್ತಿಗೆ ಜನವರಿ ಮೊದಲ ವಾರ, ಉತ್ತರ ಮಾರ್ಚ್ ಕೊನೆಗೆ. ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟ ಹಾಗೆ. ಸೀಟು ಬಂದರೆ ಸೇರಲೇಬೇಕು. ನೆರವು ಸಾಲದಿದ್ದರೆ ಮಾತ್ರ ಬಿಡಬಹುದು. ಅರ್ಲಿ ಆ್ಯಕ್ಷನ್‌ನಲ್ಲಿ ಆ ಕಟ್ಟು ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗೆ ಅರ್ಲಿ ಹಾಕಿದರೆ ಬೇರೆ ಖಾಸಗಿ ಕಾಲೇಜಿಗೆ ಅರ್ಲಿ ಹಾಕುವ ಹಾಗಿಲ್ಲ. ನೀಡ್-ಅವೇರ್ ಕಾಲೇಜೊಂದು ನಿಮ್ಮ ಮನಸ್ಸಿಗೆ ನಿಜವಾಗಿ ಹಿಡಿಸಿದ್ದರೆ, ಎಚ್6 ಸಾಲೂ ಚೆನ್ನಾಗಿದ್ದರೆ, ಅಲ್ಲಿಗೇ ಅರ್ಲಿ ಡಿಸಿಷನ್ ಹಾಕುವುದು ಒಳ್ಳೆಯ ನಡೆ. ನೆರವಿನ ಹಣ ಆಗಿನ್ನೂ ಖರ್ಚಾಗಿರುವುದಿಲ್ಲ.

ಹೆಜ್ಜೆ 9: ಸೀಟು ಬಂದ ಮೇಲೆ

ನೆರವಿನ ಪತ್ರವನ್ನು ನಿಧಾನವಾಗಿ ಓದಿ. ಗ್ರಾಂಟ್ ಅಂದರೆ ವಾಪಸ್ ಕೊಡಬೇಕಿಲ್ಲ. ಲೋನ್ ಅಂದರೆ ಸಾಲ. ವರ್ಕ್-ಸ್ಟಡಿ ಅಂದರೆ ಕ್ಯಾಂಪಸ್‌ನಲ್ಲಿ ದುಡಿದು ಗಳಿಸಬೇಕಾದ್ದು. ವಿಮಾನ ಟಿಕೆಟ್, ಆರೋಗ್ಯ ವಿಮೆ ಸೇರಿದೆಯೇ ನೋಡಿ. ಹಣ ಸಾಲದಿದ್ದರೆ ಕಾರಣ ಹೇಳಿ ಮತ್ತೆ ಕೇಳಬಹುದು. ಉತ್ತರ ಕೊಡಲು ಸಾಮಾನ್ಯವಾಗಿ ಮೇ 1 ಕೊನೆ.

ಆಮೇಲೆ ಕಾಲೇಜು ವೀಸಾಗೆ ಬೇಕಾದ ಐ-20 ಅನ್ನುವ ಪತ್ರ ಕಳಿಸುತ್ತದೆ. 350 ಡಾಲರ್ ಸೆವಿಸ್ ಶುಲ್ಕ (ಹೊರದೇಶದ ವಿದ್ಯಾರ್ಥಿಗಳ ದಾಖಲೆಗೆ ಕಟ್ಟುವುದು) ಕಟ್ಟಿ, ಡಿಎಸ್-160 ಅನ್ನುವ ವೀಸಾ ಅರ್ಜಿ ತುಂಬಿ, ಎಫ್-1 (ವಿದ್ಯಾರ್ಥಿ) ವೀಸಾ ಸಂದರ್ಶನಕ್ಕೆ ಸ್ಲಾಟ್ ಹುಡುಕಬೇಕು. ನಮ್ಮ ಕಡೆಯವರು ಹೆಚ್ಚಾಗಿ ಚೆನ್ನೈ ಅಥವಾ ಹೈದರಾಬಾದಿಗೆ ಹೋಗುತ್ತಾರೆ. 2025ರಿಂದ ಸೋಷಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಲು ಹೇಳುತ್ತಿದ್ದಾರೆ.

ಒಂದು ಕೆಲಸವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಡಿ. ಅದು ಹೆಸರು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಊರು, ಅಪ್ಪನ ಹೆಸರು ಎಲ್ಲ ಬರೆದಿರುತ್ತಾರೆ. ಒಂದೇ ಹೆಸರಿದ್ದರೆ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಅಂತ ಬೀಳುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಅಲ್ಲಿನ ಬ್ಯಾಂಕಿನಿಂದ ಹಿಡಿದು ಎಲ್ಲ ಕಡೆ ಅದೇ ತಲೆನೋವು. ಫಸ್ಟ್ ಪಿಯುನಲ್ಲೇ ಪಾಸ್‌ಪೋರ್ಟ್ ಮಾಡಿಸಿ. ಹೆಸರನ್ನು ಎರಡು ಭಾಗವಾಗಿ ಕೊಡಿ. ಎಸ್ಎಟಿ, ಕಾಮನ್ ಆ್ಯಪ್, ಸಿಎಸ್ಎಸ್ ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದಕ್ಷರವೂ ಬದಲಾಗದ ಹಾಗೆ ಬರೆಯಿರಿ.